ಹಲವು ಕೂಡಿ ಒಂದಾದ ಯಂತ್ರ

ಹುಲ್ಲೆಳೆಗಳನ್ನು ಹೊಸೆದ ಹಗ್ಗವು ಆನೆಯನ್ನೂ ಕಟ್ಟಿ ನಿಲ್ಲಿಸಬಲ್ಲದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಂಸ್ಕೃತದಲ್ಲಿ ‘ಗುಣ’ ಶಬ್ದಕ್ಕೆ ಹಗ್ಗವೆಂದೂ ಸದ್ಗುಣವೆಂದೂ ಎರಡರ್ಥಗಳುಂಟು. ಆದರೆ ಹುಲ್ಲನ್ನು ರಾಶಿ ಹಾಕಿದ ಮಾತ್ರಕ್ಕೆ ಹಗ್ಗವಾಗದು. ಹೊಸೆಯುವ ಕ್ರಮವನ್ನು ಬಲ್ಲವನು ಬೇಕು. ಯಂತ್ರಗಳ ವಿಷಯದಲ್ಲಿಯೂ ಇದು ಸತ್ಯವೆಂಬುದಕ್ಕೆ ಎರಡನೆಯ ಮಹಾಯುದ್ಧ ಕಾಲದ ಎರಡು ದೃಷ್ಟಾಂತಗಳನ್ನು ವಾಚಕರ ಮುಂದಿಡುತ್ತೇವೆ.

1941ರಲ್ಲಿ ಅಮೆರಿಕ ದೇಶವು ಟ್ಯಾಂಕುಗಳನ್ನು ಸಾವಿರಗಟ್ಟಲೆ ನಿರ್ಮಿಸಬೇಕಾಗಿ ಬಂದಿತು. ಅವುಗಳಿಗೆ ಅಳವಡಿಸುತ್ತಿದ್ದ ಇಂಜಿನು ಮೂಲತಃ ವಿಮಾನದ್ದು. ವಿಮಾನಗಳಿಗೂ ಅದರ ಅಗತ್ಯ ಬಹಳವಾಗಿದ್ದಿತು. ಹೊಸದೊಂದು ಮಹಾಯಂತ್ರವನ್ನು ಕಲ್ಪಿಸಿ, ಅದಕ್ಕಾಗಿ ಕಾರ್ಖಾನೆಯನ್ನು ಸಜ್ಜುಗೊಳಿಸುವಷ್ಟು ಅವಕಾಶವಿರಲಿಲ್ಲ. ಆಗ ಕ್ರೈಸ್ಲರ್ ಕಂಪನಿಯವರು ತಾವು ದಿನವೂ ತಯಾರಿಸುತ್ತಿದ್ದ ಆರು ಸಿಲಿಂಡರಿನ ಮೋಟಾರುಗಾಡಿಯ ಇಂಜಿನನ್ನೇ ತೆಗೆದುಕೊಂಡು, ಅಂತಹ ಐದನ್ನು ಒಂದುಗೂಡಿಸಿದರು.

ಈ ಐದೂ ಒಂದು ನಡುಚಕ್ರದ ಸುತ್ತ ಬೀಸಣಿಗೆಯ ಕಡ್ಡಿಗಳಂತೆ ಹರಡಿ ನಿಂತಿದ್ದವು. ಪ್ರತಿಯೊಂದು ಇಂಜಿನಿನ ಹಲ್ಲುಚಕ್ರವೂ ಆ ನಡುಚಕ್ರವನ್ನು ಕಚ್ಚಿಕೊಂಡು ತಿರುಗುತ್ತಿದ್ದುದರಿಂದ, ಯಾವುದೊಂದೂ ತನ್ನಿಚ್ಛೆಯ ವೇಗದಲ್ಲಿ ಓಡುವಂತಿರಲಿಲ್ಲ. ಒಟ್ಟು ಸಿಲಿಂಡರುಗಳು 30. ಶಕ್ತಿಯು ಸುಮಾರು 370 ಅಶ್ವಶಕ್ತಿ.

ಮೊದಮೊದಲು ತೊಡಕುಗಳಿಲ್ಲದೆ ಇರಲಿಲ್ಲ. ಐದಕ್ಕೂ ಬೇರೆ ಬೇರೆ ನೀರಿನ ಪಂಪುಗಳಿದ್ದವು. ಅವನ್ನು ಬಿಟ್ಟು ಎಲ್ಲಕ್ಕೂ ಒಂದೇ ಪಂಪನ್ನಿಟ್ಟರು. ಕಾರ್ಬೊರೇಟರುಗಳನ್ನು ಕೈಗೆಟುಕುವಂತೆ ಮೇಲಕ್ಕೆ ತಂದರು. ಇಷ್ಟು ದೊಡ್ಡ ಯಂತ್ರವು ಹಿಡಿಸುವಂತೆ ಟ್ಯಾಂಕಿನ ಒಡಲನ್ನೇ ಉದ್ದ ಮಾಡಿದರು. 1942-43ರಲ್ಲಿ ಇಂತಹ ಷರ್ಮನ್ ಟ್ಯಾಂಕುಗಳು 7,499 ಸಿದ್ಧವಾದವು. ಅವುಗಳಲ್ಲಿ ಬಹುಪಾಲು ಬ್ರಿಟಿಷರಿಗೆ ಸಂದವು. 1945ರಲ್ಲಿ ಬರ್ಮಾದ ಮೇಕ್ಟಿಲಾ ಕದನದಲ್ಲಿ ನಮ್ಮ ಭಾರತೀಯ ಅಶ್ವದಳಗಳ ಯೋಧರು ಏರಿ ಹೋದುದು ಇವುಗಳನ್ನೇ.

ಇನ್ನು ಎರಡನೆಯ ದೃಷ್ಟಾಂತ. ಜರ್ಮನರ ಹೈಂಕೆಲ್ 177 ಎಂಬ ಬಾಂಬು ವಿಮಾನವು 1939ರ ನವೆಂಬರಿನಲ್ಲಿ ಮೊದಲು ಹಾರಿತು. ನೋಡುವವರಿಗೆ ಅದಕ್ಕೆ ಎರಡೇ ಇಂಜಿನು; ವಾಸ್ತವವಾಗಿ ನಾಲ್ಕು. ಗಾಳಿಯ ತಡೆಯನ್ನು ಕಡಮೆ ಮಾಡಲು, ಎರಡೆರಡು ಇಂಜಿನುಗಳನ್ನು ಪಕ್ಕಪಕ್ಕದಲ್ಲಿ ಸೇರಿಸಿ ಒಂದೊಂದು ಪಂಕಕ್ಕೆ ಜೋಡಿಸಿದ್ದರು. ಇಲ್ಲಿಯೂ ಹಲ್ಲುಚಕ್ರಗಳು ಕೂಡಿಕೊಂಡವು. ಆದರೆ ಜೋಡಿಯನ್ನು ತುರುಕಿದ ಗೂಡು ಬಲು ಇಕ್ಕಟ್ಟು. ಎಣ್ಣೆಯೋ ಪೆಟ್ರೋಲೋ ಜಿನುಗಿ, ಕಾದ ಹೊಗೆಕೊಳವೆಯ ಮೇಲೆ ಬಿದ್ದು ಹೊತ್ತಿಕೊಳ್ಳುತ್ತಿದ್ದಿತು. ರಿಪೇರಿ ಮಾಡುವವನ ಕೈ ಒಳಗೆ ಹೋಗಲು ಎಡೆಯಿರಲಿಲ್ಲ. ಶತ್ರುವಿನ ಗುಂಡು ತಗಲದೆಯೇ ಆಕಾಶದಲ್ಲಿ ಬೆಂಕಿಗಾಹುತಿಯಾದ ತರುಣರಿಗೆ ಲೆಕ್ಕವಿಟ್ಟವರಾರು? ಅವರೂ ಯಾವುದೋ ತಾಯಂದಿರ ಮಕ್ಕಳೇ.

ಎರಡು ಕಡೆಯಲ್ಲಿಯೂ ಕೂಡಿಸಿದ ಯುಕ್ತಿ ಹೆಚ್ಚುಕಡಮೆ ಒಂದೇ. ಭೇದವು ಮತ್ತೊಂದರಲ್ಲಿದೆ. ಮೊದಲನೆಯವರು ಐದು ಯಂತ್ರಗಳನ್ನು ಕೂಡಿಸಿ, ಅವುಗಳಿಗಾಗಿ ಮನೆಯನ್ನು ಹಿಗ್ಗಿಸಿದರು. ಎರಡನೆಯವರು ಮನೆಯನ್ನು ಹಿಗ್ಗಿಸದೆ ಎರಡನ್ನು ಅದುಮಿದರು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಬಾಳುವ ಸಂಸಾರದ ಯಜಮಾನರು ಇದನ್ನು ಗಮನಿಸಬೇಕೆಂದು ನಮ್ಮ ಬಿನ್ನಹ. ದುಡಿಮೆ ಒಂದೇ ಚಕ್ರಕ್ಕೆ ಸೇರಲಿ. ಆದರೆ ಒಬ್ಬೊಬ್ಬರಿಗೂ ಉಸಿರಾಡುವಷ್ಟು ಎಡೆಯಿರಲಿ.