ಇಗರ್ಜಿಯ ಏಳು ದಿನಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಲವು ಊರುಗಳಲ್ಲಿ ತೆಂಗು, ಕಂಗಿನ ತೋಟಗಳ ನಡುವೆ ಒಂದು ಬಿಳಿಯ ಗೋಪುರ ತಲೆಯೆತ್ತಿ ನಿಂತಿರುತ್ತದೆ. ಊರವರ ಬಾಯಲ್ಲಿ ಅದು ‘ಇಗರ್ಜಿ’. ಪೋರ್ಚುಗೀಸರ ‘ಇಗ್ರೇಜ’ ಎಂಬ ಪದ ಕರಾವಳಿಯ ನಾಲಿಗೆಯಲ್ಲಿ ಪಳಗಿ ಹೀಗಾಗಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಅದರ ಗಂಟೆ ಬಡಿಯುತ್ತದೆ. ಗಡಿಯಾರ ಅಪರೂಪವಾಗಿದ್ದ ಕಾಲದಲ್ಲಿ ಕ್ರೈಸ್ತರಲ್ಲದ ಮನೆಗಳಲ್ಲೂ ಆ ಸದ್ದು ಕೇಳಿಯೇ ಕೆಲಸ ಬಿಡುವವರಿದ್ದರು. ಇಷ್ಟು ಹತ್ತಿರವಿದ್ದರೂ, ಆ ಗೋಡೆಗಳ ಒಳಗೆ ವಾರವಿಡೀ ಏನು ನಡೆಯುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ‘ಭಾನುವಾರ ಪ್ರಾರ್ಥನೆ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಒಂದೇ ಬೆಂಚಿನಲ್ಲಿ ಹತ್ತು ವರ್ಷ ಕೂತು ಕಲಿತ ಮಕ್ಕಳಿಗೂ ಪಕ್ಕದವನ ಭಾನುವಾರ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ಈ ನಡುವೆ ಆ ಭಾನುವಾರಕ್ಕೇ ಒಂದು ಸಂಕಟ ಒದಗಿದೆ. ಅದನ್ನು ಹೇಳುವ ಮುನ್ನ ಈ ವಾರದ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ.

ಕಟ್ಟಡವಲ್ಲ, ಕುಟುಂಬಗಳು

ಕೆಥೊಲಿಕರಲ್ಲಿ ‘ಧರ್ಮಕೇಂದ್ರ’ ಎಂದರೆ ಬರಿಯ ಕಟ್ಟಡವಲ್ಲ. ಒಂದು ಗಡಿಯೊಳಗಿನ ಎಲ್ಲ ಕೆಥೊಲಿಕ್ ಕುಟುಂಬಗಳ ಕೂಟ. ಬಿಷಪರು ನೇಮಿಸಿದ ಧರ್ಮಗುರು ಅದರ ಹಿರಿಯ. ಅವರೊಬ್ಬರೇ ನೂರಾರು ಮನೆಗಳ ಸುಖದುಃಖ ತಿಳಿಯುವುದು ಸಾಧ್ಯವಿಲ್ಲವಷ್ಟೆ. ಅದಕ್ಕಾಗಿ ಧರ್ಮಕೇಂದ್ರವನ್ನು ‘ವಾಳೆ’ಗಳಾಗಿ ವಿಂಗಡಿಸಿರುತ್ತಾರೆ. ಪ್ರತಿ ವಾಳೆಗೂ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಎಲ್ಲಿ ಸಾವು, ಯಾವ ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ ಎಂಬುದೆಲ್ಲ ಮೊದಲು ತಲುಪುವುದು ಇವರಿಗೆ. ಸಂಬಳವಿಲ್ಲದ, ತಿರುಗಾಟ ತಪ್ಪದ ಕೆಲಸವಿದು.

ಈ ಹೆಣಿಗೆ ಹಳೆಯದು. ಮಂಗಳೂರಿನ ರೊಸಾರಿಯೊ ಇಗರ್ಜಿಯ ಮೂಲ 1568ಕ್ಕೆ ಹೋಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು, ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಮರಳಿ ಬಂದವರು ಗೋಡೆಗಳನ್ನೂ, ಅದರೊಂದಿಗೆ ಸಮುದಾಯವನ್ನೂ ಮತ್ತೆ ಕಟ್ಟಿಕೊಂಡರು.

ಇಗರ್ಜಿಯ ಕಚೇರಿಯಲ್ಲಿ ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳಿರುತ್ತವೆ. ಅಜ್ಜ ಯಾವಾಗ ಹುಟ್ಟಿದರು, ಮುತ್ತಜ್ಜಿಯ ತವರು ಯಾವುದು ಎಂದು ಹುಡುಕುವವರಿಗೆ ಅವು ಚರಿತ್ರೆಯ ಖಜಾನೆ. ಬಡವರ ನೆರವಿಗೆ ಹಲವು ಕಡೆ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಇದೆ. ಈ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದಾಗ ಅದರ ಮುಂದಾಳು ಫ್ರೆಡೆರಿಕ್ ಓಝನಮ್‌ಗೆ ಕೇವಲ 20 ವರ್ಷ. ಆತ ಇನ್ನೂ ವಿದ್ಯಾರ್ಥಿ. ‘ನಾವಿನ್ನೂ ಓದುವ ಹುಡುಗರು, ನಮ್ಮಿಂದೇನಾದೀತು?’ ಎನ್ನುವವರು ಇದನ್ನು ನೆನಪಿಡಬೇಕು.

ಭಾನುವಾರದ ಬಲಿಪೂಜೆ

ಕೊಂಕಣಿಯಲ್ಲಿ ಇದು ‘ಮೀಸ್’. ಬಲಿಪೂಜೆಯಲ್ಲಿ ಎರಡು ಮುಖ್ಯ ಭಾಗಗಳಿವೆ. ಮೊದಲನೆಯದು ಬೈಬಲಿನ ವಾಚನ ಮತ್ತು ಪ್ರವಚನ. ಎರಡನೆಯದರಲ್ಲಿ ಗೋಧಿಯ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ, ಯೇಸುವಿನ ಕಡೆಯ ಭೋಜನವನ್ನು ಸ್ಮರಿಸಿ, ಪರಮ ಪ್ರಸಾದ ಸ್ವೀಕರಿಸುತ್ತಾರೆ. ಆ ರೊಟ್ಟಿ, ರಸಗಳು ಕ್ರಿಸ್ತನ ಶರೀರ, ರಕ್ತಗಳೇ ಆಗುತ್ತವೆ ಎಂಬುದು ಕೆಥೊಲಿಕರ ನಂಬಿಕೆಯ ತಿರುಳು.

1960ರ ದಶಕದವರೆಗೆ ಈ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆಗೆ ಬಾಗಿಲು ತೆರೆಯಿತು. ನಮ್ಮ ಕರಾವಳಿಯಲ್ಲಿ ಆ ಭಾಷೆ ಹೆಚ್ಚಾಗಿ ಕೊಂಕಣಿ. ಆದರೆ ಲಿಪಿ ಕನ್ನಡ! 1938ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆಯೂ ಕನ್ನಡ ಲಿಪಿಯ ಕೊಂಕಣಿಯದೇ. ಆದ್ದರಿಂದ ಕನ್ನಡ ಅಕ್ಷರ ಕಲಿಯದ ಮಗು ತನ್ನ ಅಜ್ಜಿಯ ಕೀರ್ತನೆ ಪುಸ್ತಕವನ್ನೂ ಓದಲಾರದು. ಶಾಲೆಯಲ್ಲಿ ಕನ್ನಡವನ್ನು ಕಡೆಗಣಿಸಿದ್ದರ ಫಲ ಹೀಗೆ ಪ್ರಾರ್ಥನೆಯ ಪೀಠದವರೆಗೂ ಹೋಗಿ ತಲುಪುತ್ತದೆ.

ಭಾನುವಾರದ ವಾಚನಗಳಿಗೆ ಮೂರು ವರ್ಷಗಳ ಆವರ್ತವಿದೆ. ಮೊದಲ ವರ್ಷ ಮುಖ್ಯವಾಗಿ ಮತ್ತಾಯನ ಶುಭಸಂದೇಶ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಯಾವ ವರ್ಷ ಯಾವುದೆಂದು ತಿಳಿಯಲು ಇಸವಿಯ ಅಂಕೆಗಳನ್ನು ಕೂಡಿಸಿ. ಮೊತ್ತ 3ರಿಂದ ಭಾಗವಾದರೆ ಅದು ಲೂಕನ ವರ್ಷ. 2025ರ ಅಂಕೆಗಳ ಮೊತ್ತ 9, ಹಾಗಾಗಿ ಅದು ಲೂಕನದು. ಒಂದು ಎಚ್ಚರಿಕೆ: ಇಗರ್ಜಿಯ ವರ್ಷ ಜನವರಿಯಲ್ಲಿ ಅಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆಯೇ ಶುರುವಾಗುತ್ತದೆ.

ಪೂಜೆ ಮುಗಿದರೂ ಭಾನುವಾರ ಮುಗಿಯುವುದಿಲ್ಲ. ಮಕ್ಕಳಿಗೆ ಧರ್ಮಬೋಧನೆಯ ತರಗತಿ, ಗಾಯನ ತಂಡದ ಅಭ್ಯಾಸ, ಯುವಜನರ ಸಭೆ, ವಾಳೆಯ ಕೂಟ ಇವೆಲ್ಲ ಸಾಲಾಗಿ ನಡೆಯುತ್ತವೆ. ಧರ್ಮಬೋಧಕರಲ್ಲಿ ಕಾಲೇಜು ಹುಡುಗಿಯರೂ ಇದ್ದಾರೆ, ನಿವೃತ್ತರೂ ಇದ್ದಾರೆ. ಇದು ಹಣಕ್ಕಾಗಿ ಮಾಡುವ ಕೆಲಸವಲ್ಲ.

ಸಂಜೆಯ ಜಪಮಾಲೆ

ವಾರದ ಉಳಿದ ದಿನಗಳಲ್ಲಿ ಇಗರ್ಜಿ ಮನೆಗೇ ಬರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಶಿಲುಬೆಯ ಮುಂದೆ ಕೂತು ಜಪಮಾಲೆ ಹೇಳುವುದು ಮಂಗಳೂರು ಕ್ರೈಸ್ತರ ಹಳೆಯ ಪದ್ಧತಿ. ಕೊಂಕಣಿಯಲ್ಲಿ ಇದು ‘ತೇರ್ಸ್’. ಮಾಲೆಯಲ್ಲಿ 59 ಮಣಿಗಳು. ಸೋಮವಾರ, ಶನಿವಾರ ಯೇಸುವಿನ ಬಾಲ್ಯದ ಸಂತೋಷದ ಘಟನೆಗಳು. ಮಂಗಳವಾರ, ಶುಕ್ರವಾರ ಶಿಲುಬೆಯ ಯಾತನೆ. ಬುಧವಾರ, ಭಾನುವಾರ ಪುನರುತ್ಥಾನದ ಮಹಿಮೆ. ಗುರುವಾರಕ್ಕೆ ಬೆಳಕಿನ ಘಟನೆಗಳೆಂಬ ಹೊಸ ಗುಚ್ಛವನ್ನು 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸೇರಿಸಿದರು. ಹೀಗೆ ಹರ್ಷ, ದುಃಖ, ಮಹಿಮೆಗಳು ವಾರದೊಳಗೇ ಸುತ್ತು ಹಾಕುತ್ತವೆ. ಜಪ ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿ ಹೋಗಿ ‘ಬೆಸಾಂವ್’, ಅಂದರೆ ಆಶೀರ್ವಾದ ಕೇಳುತ್ತಾರೆ. ಹಗಲಲ್ಲಿ ಏನೇ ಜಗಳವಾಗಿದ್ದರೂ ಆ ಹೊತ್ತಿಗೆ ಮುಖ ನೋಡಿ ಮಾತಾಡಲೇಬೇಕು.

ಹುಣ್ಣಿಮೆಯೂ ತೆನೆಯೂ

ಕ್ರಿಸ್ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ಈಸ್ಟರ್ ಮಾತ್ರ ಏಕೆ ಓಡಾಡುತ್ತದೆ? ತರಗತಿಯಲ್ಲಿ ಇದನ್ನು ಕೇಳುವ ಮಕ್ಕಳಿಗೆ ನಾನು ಆಕಾಶ ತೋರಿಸುತ್ತೇನೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಬಂತು, ಈಸ್ಟರ್ 31ಕ್ಕೆ. 2025ರಲ್ಲಿ ಹೋಳಿ ಮಾರ್ಚ್ 14ಕ್ಕೇ ಮುಗಿದಿತ್ತು. ಅದು ಲೆಕ್ಕಕ್ಕೆ ಬಾರದೆ ಮುಂದಿನ ಹುಣ್ಣಿಮೆಗೆ ಕಾಯಬೇಕಾಯಿತು, ಈಸ್ಟರ್ ಏಪ್ರಿಲ್ 20ಕ್ಕೆ ಹೋಯಿತು. ಈ ಗಣಿತದಲ್ಲಿ ಹುಣ್ಣಿಮೆಯನ್ನು ಹಿಡಿಯುವುದು ಇಗರ್ಜಿಯದೇ ಕೋಷ್ಟಕದಿಂದ. ನೈಜ ಹುಣ್ಣಿಮೆಗೂ ಅದಕ್ಕೂ ಒಮ್ಮೊಮ್ಮೆ ಒಂದೆರಡು ದಿನದ ವ್ಯತ್ಯಾಸವಿರಬಹುದು. ಈಸ್ಟರ್‌ಗೆ 46 ದಿನ ಮುಂಚೆ ವಿಭೂತಿ ಬುಧವಾರ. ಅದರೊಳಗಿನ 6 ಭಾನುವಾರ ಕಳೆದರೆ ತಪಸ್ಸು ಕಾಲದ 40 ದಿನ ಉಳಿಯುತ್ತದೆ.

ಆಕಾಶದಂತೆಯೇ ನೆಲದೊಂದಿಗೂ ನಂಟಿದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8 ಮೊಂತಿ ಹಬ್ಬ, ಅಂದರೆ ತೆನೆಹಬ್ಬ. ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅಕ್ಕಿಕಾಳನ್ನು ಹಾಲಿನಲ್ಲಿ ಬೆರೆಸಿ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆ ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ಮುಂಬಯಿ, ಗಲ್ಫ್‌ನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ಮನೆಗಳಿವೆ. ಗದ್ದೆಗಳು ಕಡಿಮೆಯಾಗಿ ತೆನೆಯೇ ದುರ್ಲಭವಾದಾಗ, ಕೆಲವೆಡೆ ಇಗರ್ಜಿಯ ಯುವಕರು ಹಡಿಲು ಬಿದ್ದ ಗದ್ದೆಗೆ ಇಳಿದು ನಾಟಿ ಮಾಡಿದ್ದಾರೆ.

ಭಾನುವಾರದ ಸಂಕಟ

ಈಗ ಸಂಕಟದ ಮಾತು. ಮಗು ಹತ್ತನೆಯ ತರಗತಿಗೆ ಬಂತೆಂದರೆ ಮನೆಯ ಲೆಕ್ಕವೇ ಬದಲಾಗುತ್ತದೆ. ಭಾನುವಾರ ಬೆಳಗ್ಗೆ ಟ್ಯೂಷನ್, ಪ್ರವೇಶ ಪರೀಕ್ಷೆಯ ಕೋಚಿಂಗ್. ಧರ್ಮಬೋಧನೆಗೆ ರಜೆ, ಗಾಯನ ತಂಡಕ್ಕೆ ರಜೆ; ಸಂಜೆಯ ಜಪ ಮೊಬೈಲಿನ ಬೆಳಕಿನಲ್ಲಿ ಕರಗುತ್ತದೆ. ಇದು ಕ್ರೈಸ್ತರೊಬ್ಬರ ಕಷ್ಟವಲ್ಲ. ಭಜನಾ ಮಂದಿರ, ಮದರಸಾ, ಯಕ್ಷಗಾನ ತರಬೇತಿ, ಕ್ರಿಕೆಟ್ ಮೈದಾನ ಎಲ್ಲವೂ ಇದೇ ಗಂಟೆಗಳನ್ನು ಕಳೆದುಕೊಳ್ಳುತ್ತಿವೆ.

ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನ ಕಲಿಸಿದ ಅನುಭವದಿಂದ ಪೋಷಕರಿಗೆ ಒಂದು ಮಾತು ಹೇಳಬಯಸುತ್ತೇನೆ. ನೂರಾರು ಜನರ ಮುಂದೆ ನಿಂತು ತಡವರಿಸದೆ ವಾಚನ ಮಾಡಿದ ಹುಡುಗಿ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕರ ಮುಂದೆ ನಡುಗುವುದಿಲ್ಲ. ಗಾಯನ ತಂಡದಲ್ಲಿ ತನ್ನ ದನಿಯನ್ನು ಪಕ್ಕದವನ ದನಿಗೆ ಹೊಂದಿಸಲು ಕಲಿತ ಹುಡುಗ ಪ್ರಯೋಗಾಲಯದಲ್ಲಿ ಜೊತೆಗಾರನ ಮಾತಿಗೂ ಕಿವಿಗೊಡುತ್ತಾನೆ. ಇವು ಅಂಕಪಟ್ಟಿಯಲ್ಲಿ ಕಾಣದ ಕಲಿಕೆಗಳು. ಆರು ದಿನ ದುಡಿದ ಮೆದುಳಿಗೆ ಏಳನೆಯ ದಿನವೂ ಅದೇ ಲೆಕ್ಕ ಹೇರಿದರೆ ಹೆಚ್ಚು ತುಂಬುವುದಿಲ್ಲ, ಚೆಲ್ಲುವುದೇ ಹೆಚ್ಚು.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಎಲ್ಲ ಪೂಜಾಸ್ಥಳಗಳ ಬಾಗಿಲು ಮುಚ್ಚಿದವು. ಆ ವರ್ಷದ ಈಸ್ಟರ್ ಪೂಜೆಯನ್ನು ಜನ ಫೋನಿನಲ್ಲೂ ಟಿವಿಯಲ್ಲೂ ನೋಡಿದರು. ಶಬ್ದವೂ ಚಿತ್ರವೂ ಮನೆಗೆ ತಲುಪಿದವು. ಪಕ್ಕದ ಬೆಂಚಿನ ನೆರೆಯವರು ಮಾತ್ರ ತಲುಪಲಿಲ್ಲ. ಜನ ಒಂದೆಡೆ ಸೇರುವುದರ ಬೆಲೆ ಆಗ ಎಲ್ಲ ಧರ್ಮದವರಿಗೂ ತಿಳಿದಿತ್ತು. ಅದನ್ನು ಇಷ್ಟು ಬೇಗ ಮರೆಯುವುದು ತರವಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯ ಗೆಳೆಯನನ್ನೋ ಗೆಳತಿಯನ್ನೋ ಈ ಸಲ ಕೇಳಿ ನೋಡಿ: ‘ನಿನ್ನ ಭಾನುವಾರ ಹೇಗಿರುತ್ತದೆ?’ ಉತ್ತರ ಇಗರ್ಜಿಯದಾಗಿರಬಹುದು, ದೇವಸ್ಥಾನದ್ದಾಗಿರಬಹುದು, ಬರಿಯ ಟ್ಯೂಷನ್ನಿನದೂ ಆಗಿರಬಹುದು. ಕೊನೆಯದಾದರೆ, ಪೋಷಕರೇ, ವಾರದ ಒಂದು ಬೆಳಗನ್ನಾದರೂ ಮಕ್ಕಳಿಗೆ ಹಿಂದಿರುಗಿಸಿ.