ಫೋನಿನಲ್ಲಿ ಸೀರೆ ಕೊಳ್ಳುವ ಮುನ್ನ

ಮನೆಯಲ್ಲಿ ಕುಳಿತು ಸಾಮಾನು ತರಿಸುವುದು ಹೊಸದೇನಲ್ಲ. ನಮ್ಮ ತಾಯಂದಿರ ಕಾಲದಲ್ಲಿ ವಾರಪತ್ರಿಕೆಯ ಜಾಹೀರಾತು ನೋಡಿ ಒಂದು ಕಾರ್ಡು ಬರೆದು ಹಾಕಿದರೆ ಸಾಕು, ಅಂಚೆಯಣ್ಣ ವಿ.ಪಿ.ಪಿ. ಹಿಡಿದು ಬಾಗಿಲಿಗೆ ಬರುತ್ತಿದ್ದ. ಈ ವಿ.ಪಿ.ಪಿ. ನಮ್ಮ ದೇಶದಲ್ಲಿ ಶುರುವಾದದ್ದು 1877ರಲ್ಲಿ. ಮೊದಲು ದುಡ್ಡು ಕೊಡಬೇಕು, ಆಮೇಲೆ ಗಂಟು ಬಿಚ್ಚಬೇಕು. ಟ್ರಾನ್ಸಿಸ್ಟರ್ ಬರುತ್ತದೆಂದು ಕಾದವರಿಗೆ ಇಟ್ಟಿಗೆ ಚೂರು ಬಂದ ಕಥೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ಈಗ ಕಾರ್ಡಿನ ಜಾಗಕ್ಕೆ ಫೋನು ಬಂದಿದೆ, ಅಂಚೆಯಣ್ಣನ ಜಾಗಕ್ಕೆ ಬೈಕಿನ ಹುಡುಗ. ಆದರೆ ಆಗ ಹೋಗುತ್ತಿದ್ದದ್ದು ಸಾಮಾನಿನ ಬೆಲೆ ಅಷ್ಟೇ. ಈಗ ಬ್ಯಾಂಕಿನಲ್ಲಿ ಇದ್ದಬದ್ದದ್ದೆಲ್ಲ ಹೋಗಬಹುದು.

ಫೋನಿನಲ್ಲಿ ಕೊಳ್ಳಲೇಬೇಡಿ ಎಂದು ನಾನು ಹೇಳುವವಳಲ್ಲ. ದರೋಜಿಯಲ್ಲಿ ಇದ್ದುಕೊಂಡು ಒಂದು ಒಳ್ಳೆಯ ಸೀರೆ ನೋಡಬೇಕೆಂದರೆ ಹೊಸಪೇಟೆಗೋ ಬಳ್ಳಾರಿಗೋ ಹೋಗಬೇಕು. ಹೋಗಿಬರುವ ಖರ್ಚು, ಒಂದು ದಿನದ ಕೆಲಸ, ಮನೆಯಲ್ಲಿ ಅಡಿಗೆಗೆ ಯಾರು ಎನ್ನುವ ಚಿಂತೆ. ಮಿಕ್ಸಿ ಜಾರಿನ ಮುಚ್ಚಳ ಒಡೆದರೆ ಅದೇ ಅಳತೆಯದು ಎರಡು ದಿನದಲ್ಲಿ ಮನೆಗೇ ಬರುವಾಗ ಯಾರಿಗೆ ಬೇಡ ಹೇಳಿ? ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರಬೇಕು.

ನಮ್ಮ ಓಣಿಯ ಒಬ್ಬ ತಂಗಿಯ ಸಂಗತಿ ಕೇಳಿ. ಗೌರಿಹಬ್ಬ ಹತ್ತಿರ ಬಂದಿತ್ತು. ಫೋನಿನಲ್ಲಿ ಜಾಹೀರಾತು ಬಂತು: ಅಪ್ಪಟ ರೇಷ್ಮೆಯ ಇಳಕಲ್ ಸೀರೆ, ಎರಡಕ್ಕೆ 799 ರೂಪಾಯಿ, ಇನ್ನು ಮೂರೇ ಉಳಿದಿವೆ. ಆಕೆ ದುಡ್ಡು ಕಟ್ಟಿದಳು. ಬಂದದ್ದು ಬೆವರು ಒರೆಸಲೂ ಬಾರದ ಪಾಲಿಯೆಸ್ಟರ್ ಬಟ್ಟೆ. ಅಲ್ಲಿಗೆ ಬಿಟ್ಟಿದ್ದರೆ 799ರಲ್ಲಿ ಮುಗಿಯುತ್ತಿತ್ತು. ವಾಪಸ್ ಮಾಡಬೇಕೆಂದು ಫೋನಿನಲ್ಲೇ ಕಸ್ಟಮರ್ ಕೇರ್ ನಂಬರ್ ಹುಡುಕಿದಳು. ಸಿಕ್ಕ ನಂಬರು ಕಂಪನಿಯದಲ್ಲ, ಕಳ್ಳರದು. "ತಪ್ಪಾಗಿದೆ ಮೇಡಂ, ಪೂರ್ತಿ ರೊಕ್ಕ ವಾಪಸ್ ಹಾಕ್ತೀವಿ, ಒಂದು ಆ್ಯಪ್ ಹಾಕ್ಕೊಳ್ಳಿ" ಎಂದು ಬಹಳ ನಯವಾಗಿ ಹೇಳಿದರು. ನಮ್ಮ ಫೋನಿನ ಪರದೆಯನ್ನು ಎಲ್ಲೋ ಕುಳಿತವರಿಗೆ ತೋರಿಸುವ ಆ್ಯಪ್ ಅದು. "ಈಗ ಪಿನ್ ಒತ್ತಿ, ದುಡ್ಡು ಬರ್ತದೆ" ಎಂದರು. ಬರಲಿಲ್ಲ, ಹೋಯಿತು. ಸಂಘದ ಸಾಲದ ಕಂತಿಗೆಂದು ಇಟ್ಟಿದ್ದ 14,600 ರೂಪಾಯಿ.

"ಮನ್ಯಾಗ ಗೊತ್ತಾದ್ರ ಫೋನೇ ಕಸ್ಕಂತಾರ ಅಕ್ಕಾ" ಎಂದು ನಾಲ್ಕು ದಿನ ಆಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನನಗೆ ಹೇಳುವ ಹೊತ್ತಿಗೆ ಆ ಹಣ ಎಷ್ಟು ಖಾತೆ ದಾಟಿತ್ತೋ! ದೂರು ಕೊಟ್ಟೆವು, ನಂಬರೂ ಸಿಕ್ಕಿತು. ಹಿಡಿದು ನಿಲ್ಲಿಸಲು ಹಣವೇ ಉಳಿದಿರಲಿಲ್ಲ.

ಸೋದರಿಯರೇ, ಈ ನಾಲ್ಕು ದಿನದ ಮೌನವೇ ಕಳ್ಳರಿಗೆ ಬೇಕಾದದ್ದು. ದುಡ್ಡು ಹೋದದ್ದು ತಿಳಿದ ಕೂಡಲೇ ಒತ್ತಬೇಕಾದ ಸಂಖ್ಯೆ 1930. ದೇಶಕ್ಕೆಲ್ಲ ಒಂದೇ ನಂಬರು, ಸೈಬರ್ ವಂಚನೆಗೆಂದೇ ಇರುವುದು. ಕೇಂದ್ರ ಗೃಹ ಇಲಾಖೆ 2021ರಲ್ಲಿ ಶುರುಮಾಡಿದ ವ್ಯವಸ್ಥೆಯಿದು. ಇದರಲ್ಲಿ ಪೊಲೀಸರೂ ಬ್ಯಾಂಕುಗಳೂ ಒಂದೇ ಜಾಲದಲ್ಲಿವೆ. ನಾವು ಹೇಳಿದ ಕೂಡಲೇ ಹಣ ಹೋದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಆ ಖಾತೆಯಲ್ಲಿ ಇನ್ನೂ ಹಣವಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ಹೋಗಿದ್ದರೆ ಅದರ ಬೆನ್ನು ಹತ್ತುತ್ತಾರೆ. ಎಟಿಎಮ್‌ನಿಂದ ನೋಟಾಗಿ ಹೊರಬಿತ್ತೋ, ಕೈ ಬಿಟ್ಟ ಹಾಗೆಯೇ. ಆದ್ದರಿಂದ ಅರ್ಧ ಗಂಟೆಗೂ ಬೆಲೆಯಿದೆ. ಫೋನು ಮಾಡುವಾಗ ಎಷ್ಟು ಹಣ, ಎಷ್ಟು ಹೊತ್ತಿಗೆ, ಯಾವ ಬ್ಯಾಂಕು, ವ್ಯವಹಾರದ ಸಂಖ್ಯೆ ಏನು ಎಂಬುದು ಕೈಯಲ್ಲಿರಲಿ. ಬ್ಯಾಂಕಿಗೂ ಆಗಲೇ ತಿಳಿಸಿ. ಪಿನ್ನು ನಾವೇ ಕೊಟ್ಟು ಹೋದ ಹಣ ನಮ್ಮ ತಲೆಗೇ, ಆದರೆ ಬ್ಯಾಂಕಿಗೆ ತಿಳಿಸಿದ ಮೇಲೂ ಹೋದರೆ ಅದು ಬ್ಯಾಂಕಿನ ತಲೆಗೆ ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲೇ ಹೇಳಿತ್ತು.

ಈ ಪುಟವನ್ನು ಮನೆಯ ಯಜಮಾನರೂ ಅತ್ತೆಯವರೂ ಓದುತ್ತಿದ್ದರೆ ಒಂದು ಮಾತು: ಹಣ ಕಳಕೊಂಡವಳನ್ನು ಮೊದಲು ಬೈಯಬೇಡಿ, ಮೊದಲು ಫೋನು ಮಾಡಿಸಿ. ಬೈಯಲು ಇಡೀ ವರ್ಷವಿದೆ.

ಇನ್ನು ಪಿನ್ನಿನ ವಿಚಾರ. ನಮಗೆ ಹಣ ಬರಬೇಕಾದರೆ ಪಿನ್ ಒತ್ತುವುದೂ ಬೇಡ, ಚೌಕಾಕಾರದ ಕ್ಯೂಆರ್ ಚಿತ್ರಕ್ಕೆ ಫೋನು ಹಿಡಿಯುವುದೂ ಬೇಡ. ಇವೆರಡೂ ಹಣ ಕೊಡುವವರ ಕೆಲಸ. ಕಿರಾಣಿ ಅಂಗಡಿಯಲ್ಲಿ ನಾವು ಪಿನ್ ಒತ್ತುತ್ತೇವೆ, ಸೇಠ್ ಒತ್ತುತ್ತಾನೆಯೇ? ಇಷ್ಟು ನೆನಪಿದ್ದರೆ ಆ ತಂಗಿಯ ಹಣ ಉಳಿಯುತ್ತಿತ್ತು.

ಓಟಿಪಿಯಲ್ಲಿ ಮಾತ್ರ ಸ್ವಲ್ಪ ಗೊಂದಲವಿದೆ. ಓಟಿಪಿ ಯಾರಿಗೂ ಹೇಳಬೇಡಿ ಎನ್ನುತ್ತಾರೆ, ಆದರೆ ಪಾರ್ಸಲ್ ತಂದ ಹುಡುಗ "ಅಕ್ಕಾ, ಓಟಿಪಿ ಹೇಳ್ರಿ" ಎನ್ನುತ್ತಾನೆ. ಕೆಲವು ಕಂಪನಿಗಳಲ್ಲಿ ಇದು ಪದ್ಧತಿಯೇ, ಪಾಪ ಅವನ ತಪ್ಪಲ್ಲ. ಬಂದ ಸಂದೇಶವನ್ನು ಪೂರ್ತಿ ಓದಿ. ಪಾರ್ಸಲ್ ತಲುಪಿಸಲು ಎಂದಿದ್ದರೆ, ಪಾರ್ಸಲ್ ಕಣ್ಣ ಮುಂದೆ ಇದ್ದರೆ, ಹೇಳಬಹುದು. ರೂಪಾಯಿ ಎಂಬ ಮಾತೋ ಬ್ಯಾಂಕಿನ ಹೆಸರೋ ಇದ್ದರೆ ಬಾಯಿ ಮುಚ್ಚಿಕೊಂಡಿರಿ. ಆರ್ಡರನ್ನೇ ಮಾಡದೆ "ನಿಮ್ಮ ಪಾರ್ಸಲ್ ರದ್ದು ಮಾಡಲು ಓಟಿಪಿ ಕೊಡಿ" ಎಂದು ಯಾರಾದರೂ ಕರೆ ಮಾಡಿದರೆ ಮಾತೇ ಬೇಡ, ಇಟ್ಟುಬಿಡಿ. ಸ್ಟಾರ್ 401 ಎಂದು ಶುರುವಾಗುವ ನಂಬರು ಒತ್ತಿಸಿ, ನಮಗೆ ಬರುವ ಕರೆಗಳನ್ನೇ ತಮ್ಮ ಕಡೆ ತಿರುಗಿಸಿಕೊಳ್ಳುವವರೂ ಇದ್ದಾರೆ. "ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ" ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಸಂದೇಶಗಳೂ ಸುಳ್ಳು. ಅಂಚೆಯಣ್ಣನಿಗೆ ನಮ್ಮ ಮನೆ ಗೊತ್ತಿಲ್ಲವೇ?

ಸೀರೆಗೇ ಬರೋಣ. ಅಪ್ಪಟ ರೇಷ್ಮೆ ಸೀರೆ ನಾಲ್ಕು ನೂರಕ್ಕೆ ಬರುವುದಿಲ್ಲ. ಅದಕ್ಕೆ ಹಾಕುವ ರೇಷ್ಮೆ ನೂಲಿಗೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಎಂಬ ಗುರುತು ಇದೆ, ಅದನ್ನು ಕೇಳಿ. ಇಳಕಲ್ ಸೀರೆಯಾದರೆ ಹಿಂಬದಿಯ ಫೋಟೋ ಕಳಿಸಿ ಎನ್ನಿ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವುದೇ ಆ ನೇಯ್ಗೆಯ ವಿಶೇಷ, ಆ ಕೂಡಿಕೆ ಕಾಣಬೇಕು. ನಮ್ಮ ಸಂಡೂರಿನ ಲಂಬಾಣಿ ಕಸೂತಿಗೂ ಇದೇ ಮಾತು. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಪ್ರದರ್ಶನವಾಗಿ ಗಿನ್ನೆಸ್ ದಾಖಲೆಯೂ ಆಯಿತು. ಹೆಸರು ಬಂದ ಮೇಲೆ ನಕಲು ಬರದೇ ಇರುತ್ತದೆಯೇ? ಕೈಯ ಹೊಲಿಗೆಗೆ ಹಿಂದೆ ದಾರದ ಗಂಟು, ಎಳೆ ಕಾಣುತ್ತದೆ. ಅಚ್ಚು ಹಾಕಿದ್ದಕ್ಕೆ ಹಿಂದೆ ಬರೀ ಮಸುಕು. ಹಿಂಬದಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

"ಮೂರೇ ಉಳಿದಿವೆ", "ಹತ್ತು ನಿಮಿಷ ಮಾತ್ರ" ಎಂದು ಸುಳ್ಳೇ ಅವಸರ ಹುಟ್ಟಿಸುವುದನ್ನು ಸರ್ಕಾರ 2023ರ ನವೆಂಬರಿನಲ್ಲೇ ನಿಷೇಧಿಸಿದೆ. 2020ರ ನಿಯಮಗಳ ಪ್ರಕಾರ ಇಂಥ ವ್ಯಾಪಾರಿಯ ನಿಜವಾದ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಕಾಣುವಂತಿರಬೇಕು. ದೂರು ಬಂದದ್ದಕ್ಕೆ 48 ಗಂಟೆಯೊಳಗೆ ಉತ್ತರ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು. ಬರೀ ವಾಟ್ಸಾಪ್ ನಂಬರು ಇದ್ದರೆ ಅದು ಅಂಗಡಿಯಲ್ಲ. ವಾಪಸ್ ಮಾಡಬೇಕಾದರೂ ನಂಬರನ್ನು ಹುಡುಕಬೇಡಿ, ಕೊಂಡ ಆ್ಯಪಿನ ಒಳಗೇ, ಆ ಆರ್ಡರಿನ ಕೆಳಗೇ ನೋಡಿ.

ಬೆಲೆಬಾಳುವ ವಸ್ತು ಬಂದಾಗ ಡಬ್ಬ ಬಿಚ್ಚುವುದನ್ನು ಮಕ್ಕಳ ಕೈಲಿ ವಿಡಿಯೋ ಮಾಡಿಸಿ. ಮೊದಲು ಮುದ್ರೆ, ವಿಳಾಸದ ಚೀಟಿ ಕಾಣಬೇಕು, ಆಮೇಲೆ ಕತ್ತರಿ. 2025ರ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಒಬ್ಬರು ಲಕ್ಷಕ್ಕೂ ಮೀರಿದ ಫೋನು ತರಿಸಿದರೆ ಡಬ್ಬದಲ್ಲಿ ನೆಲಕ್ಕೆ ಹಾಕುವ ಟೈಲ್ಸಿನ ತುಂಡು ಬಂತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಬಿಚ್ಚುವ ವಿಡಿಯೋ ಅವರ ಬಳಿ ಇತ್ತು, ಪೊಲೀಸರಿಗೂ ದೂರು ಕೊಟ್ಟರು, ಹಣ ವಾಪಸ್ ಬಂತು.

ಕಂಪನಿ ಜಗ್ಗದಿದ್ದರೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ನಮಗಾದರೆ ಬಳ್ಳಾರಿಯಲ್ಲಿ. ಕಂಪನಿ ದೆಹಲಿಯದಾದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು 2019ರ ಕಾಯ್ದೆ ಹೇಳುತ್ತದೆ. ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು.

ಆದ್ದರಿಂದ ಬಿಲ್ಲು, ಡಬ್ಬ, ಚೀಟಿ ಯಾವುದನ್ನೂ ಅಂದೇ ಎಸೆಯಬೇಡಿ. ವಾಪಸಿನ ಅವಧಿ ಮುಗಿದು, ಸಾಮಾನು ಸರಿಯಿದೆ ಎಂದಾದ ಮೇಲೆ ವಿಳಾಸದ ಚೀಟಿಯನ್ನು ಕಿತ್ತು ಚೂರು ಮಾಡಿ. ನಮ್ಮ ಹೆಸರು, ಫೋನ್ ನಂಬರು ಅದರಲ್ಲಿರುತ್ತದೆ. ರಟ್ಟಿನ ಡಬ್ಬ ಹಪ್ಪಳ ಇಡಲು ಬರುತ್ತದೆ.