ಚಿತ್ರದಲ್ಲಿರುವ ಸಿಪಾಯಿ ಯಾವ ಪಡೆಯವನು?

ನಮ್ಮ ನಾರಾಯಣಪುರದಿಂದ ಕೃಷ್ಣೆಯನ್ನು ದಾಟಿ ಇಳಕಲ್ಲಿನ ಕಡೆಗೆ ಹೋದರೆ, ಸೀರೆಯನ್ನು ಕಂಡೊಡನೆಯೇ ಅದು ಎಲ್ಲಿಯ ನೇಯ್ಗೆಯೆಂದು ಹೇಳಬಲ್ಲ ಹಿರಿಯರು ಸಿಗುತ್ತಾರೆ. ಸೆರಗಿನ ತೆನೆ, ಅಂಚಿನ ಗೆರೆ, ಒಡಲಿನ ಚೌಕಳಿ, ಇವೇ ಅವರಿಗೆ ಅಕ್ಷರಗಳು. ಸ್ಕಾಟ್ಲೆಂಡಿನ ಗುಡ್ಡಗಾಡಿನವರಿಗೂ ಇಂಥದೊಂದು ಅಕ್ಷರಮಾಲೆ ಉಂಟು. ಬಣ್ಣದ ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಹಾಯ್ದು ಚೌಕಳಿಯಾಗುವ ಅವರ ಉಣ್ಣೆಯ ಬಟ್ಟೆಗೆ ಟಾರ್ಟನ್ ಎಂದು ಹೆಸರು. ಅದನ್ನು ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿದರೆ ಕಿಲ್ಟ್.

ಈ ಅಕ್ಷರಗಳನ್ನು ಕನ್ನಡಿಗನೇಕೆ ಕಲಿಯಬೇಕೆಂದು ವಾಚಕರು ಕೇಳಬಹುದು. ಶ್ರೀರಂಗಪಟ್ಟಣದ ಕಥೆಯಲ್ಲಿ ಆ ಸಿಪಾಯಿಗಳೂ ಪಾತ್ರಧಾರಿಗಳಾಗಿರುವುದೇ ಕಾರಣ.

೧೭೮೦ನೆಯ ಸೆಪ್ಟೆಂಬರ್ ೧೦ರಂದು, ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ, ಹೈದರ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ದಂಡನ್ನು ಧೂಳೀಪಟ ಮಾಡಿದರು. ಆ ದಂಡಿನಲ್ಲಿ ೭೩ನೆಯ ಹೈಲೆಂಡ್ ಪಡೆಯ ಎರಡು ಕಂಪನಿಗಳಿದ್ದುವು. ಸೆರೆಸಿಕ್ಕ ಕ್ಯಾಪ್ಟನ್ ಡೇವಿಡ್ ಬೇರ್ಡ್ ೧೭೮೪ರ ವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದನು. ೧೭೯೯ನೆಯ ಮೇ ೪ರಂದು ಅದೇ ಕೋಟೆಯ ಮೇಲೆ ಲಗ್ಗೆಯನ್ನು ನಡೆಸಿದವನೂ ಅವನೇ. ಆ ದಿನದ ವೃತ್ತಾಂತದಲ್ಲಿಯೂ ‘೭೩ನೆಯ ಪಡೆ’ ಎಂದೇ ಇದೆ. ಅಂದಮೇಲೆ ಹಳೆಯ ಪಡೆಯೇ ಮರಳಿ ಬಂದು ಮುಯ್ಯಿ ತೀರಿಸಿಕೊಂಡಿತೆಂದು ತೋರುವುದು ಸಹಜ.

ಆದರೆ ಅದು ತಪ್ಪು. ಪೊಳ್ಳಿಲೂರಿನ ೭೩ ಲಾರ್ಡ್ ಮ್ಯಾಕ್ಲಿಯೋಡನು ಕಟ್ಟಿದ ಪಡೆ. ೧೭೮೬ರಲ್ಲಿ ಅದರ ಸಂಖ್ಯೆ ೭೧ ಆಯಿತು. ಅದೇ ವರ್ಷ ೭೩ ಎಂಬ ಸಂಖ್ಯೆ ಬ್ಲ್ಯಾಕ್ ವಾಚ್ ಪಡೆಯ ಎರಡನೆಯ ದಳಕ್ಕೆ ಸಂದಿತು. ೧೭೮೩ರಲ್ಲಿ ಟಿಪ್ಪು ಮುತ್ತಿಗೆ ಹಾಕಿದಾಗ ಮಂಗಳೂರಿನ ಕೋಟೆಯೊಳಗಿದ್ದವರು ಈ ದಳದವರು.

ಹಾಗಾದರೆ ಚಿತ್ರದಲ್ಲಿ ಇವರನ್ನು ಬೇರ್ಪಡಿಸುವುದೆಂತು? ಕೋಟು ಎಲ್ಲರದೂ ಕೆಂಪು. ನೋಡಬೇಕಾದುದು ಕೊರಳಪಟ್ಟಿ ಮತ್ತು ಮುಂಗೈಪಟ್ಟಿಗಳ ಬಣ್ಣ. ಮ್ಯಾಕ್ಲಿಯೋಡನ ಪಡೆಯದು ಮಾಸಲು ಹಳದಿ. ಹೊಸ ೭೩ರದು ಕಡು ಹಸುರು. ೧೭೯೯ರಲ್ಲಿ ಜೊತೆಗಿದ್ದ ೭೪ರದು ಬಿಳಿ. ಚೌಕಳಿ ನೆರವಾಗುವುದು ಅನಂತರ. ಬ್ಲ್ಯಾಕ್ ವಾಚಿನದು ಕಡು ನೀಲಿ, ಕಪ್ಪು, ಹಸುರುಗಳ ಹೆಣಿಗೆ. ಮ್ಯಾಕ್ಲಿಯೋಡನ ಪಡೆಯದು ಅದರ ಮೇಲೆ ಕೆಂಪು, ಬಿಳಿಯ ಗೆರೆಗಳುಳ್ಳದ್ದು.

ಇಲ್ಲಿ ಇನ್ನೊಂದು ತೊಡಕುಂಟು. ನಮ್ಮ ನಾಡಿನ ಬಿಸಿಲಿಗೆ ಉಣ್ಣೆಯ ಕಿಲ್ಟ್ ಒಗ್ಗಲಿಲ್ಲ. ಈ ಸಿಪಾಯಿಗಳು ಬಹುಮಟ್ಟಿಗೆ ಅದನ್ನು ತೆಗೆದಿರಿಸಿ ಬಿಳಿಯ ಷರಾಯಿ ತೊಟ್ಟರು. ಆದುದರಿಂದ ಶ್ರೀರಂಗಪಟ್ಟಣದ ಕದನಚಿತ್ರದಲ್ಲಿ ಕಿಲ್ಟ್ ಮೆರೆಯುತ್ತಿದ್ದರೆ, ಅದು ಕಣ್ಣು ಕಂಡುದೋ ಕಲಾವಿದನ ಕಲ್ಪನೆಯೋ ಎಂದು ಕೇಳಬೇಕು. ಚೌಕಳಿಯಿಂದ ಮನೆತನದ ಹೆಸರನ್ನು ಊಹಿಸುವುದೂ ಸಲ್ಲದು. ಇಂತಹ ಮನೆತನಕ್ಕೆ ಇಂತಹ ಚೌಕಳಿ ಎಂಬ ಕಟ್ಟು ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಗೊಂಡುದು.

ಬೇರ್ಡನು ಟಿಪ್ಪುವಿನ ಕಳೇಬರವನ್ನು ಕಾಣುವ ಪ್ರಸಿದ್ಧ ಚಿತ್ರವನ್ನು ಸರ್ ಡೇವಿಡ್ ವಿಲ್ಕಿ ಮುಗಿಸಿದ್ದು ೧೮೩೯ರಲ್ಲಿ, ಘಟನೆಯಾಗಿ ನಾಲ್ವತ್ತು ವರ್ಷಗಳ ಮೇಲೆ. ಬರೆಯಿಸಿದವಳು ಬೇರ್ಡನ ವಿಧವೆ. ವಿಲ್ಕಿ ಭಾರತವನ್ನು ಕಂಡವನಲ್ಲ. ಇತ್ತ ನಮ್ಮ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರಿನ ಕದನವಿದೆ. ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ; ಸುತ್ತಲೂ ಕೆಂಪು ಕೋಟಿನವರ ಸಾಲು. ಚೌಕಳಿಯನ್ನು ಅಲ್ಲಿ ಅರಸಿದರೆ ನಿರಾಶೆಯೇ ಸರಿ. ಆ ಚಿತ್ರವೂ ಸುಣ್ಣ ಬಳಿಸಿಕೊಂಡು, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಕಂಡುದು. ಗೆದ್ದವರ ಕಣ್ಣಿಗೆ ಶತ್ರು ಹೇಗೆ ತೋರಿದನೆಂಬುದಕ್ಕೆ ಅದು ಸಾಕ್ಷಿ, ಪಡೆಯ ಸಂಖ್ಯೆಗಲ್ಲ.

ಬೇಯ್ಲಿ ೧೭೮೨ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಗುಂಬಜಿನ ಬಳಿ ಅವನ ಬಂಧು ೧೮೧೬ರಲ್ಲಿ ಕಟ್ಟಿಸಿದ ಸ್ಮಾರಕ ಈಗಲೂ ಇದೆ. ಒಂದೇ ಸಂಖ್ಯೆಯನ್ನು ನಂಬಿ ಎರಡು ಪಡೆಗಳನ್ನು ಒಂದಾಗಿಸಿದರೆ, ಪೊಳ್ಳಿಲೂರಿನಲ್ಲಿ ಮಡಿದವರ ನೋವನ್ನು ಅದನ್ನು ಉಣ್ಣದವರ ಲೆಕ್ಕಕ್ಕೆ ಬರೆದಂತಾಗುವುದು.

ಮುಂದೆ ದರಿಯಾ ದೌಲತ್ತಿಗೆ ಹೋದಾಗ ಅವಸರಪಡಬೇಡಿ. ಕೊರಳಪಟ್ಟಿಯನ್ನು ನೋಡಿ, ಮುಂಗೈಯನ್ನು ನೋಡಿ. ಬರೆದವನಾರು, ಎಂದು ಬರೆದನು, ಕಂಡು ಬರೆದನೆ ಎಂದು ಕೇಳಿಕೊಳ್ಳಿ. ಇಳಕಲ್ಲಿನ ಹಿರಿಯರೂ ಸೀರೆಯ ಹೊಳಪಿಗೆ ಮರುಳಾಗದೆ, ಮೊದಲು ಎಳೆಯನ್ನು ಮುಟ್ಟಿ ನೋಡುತ್ತಾರೆ.